ತಗ್ಗಿಗೆ ಹರಿಯುವ ಥಂಡಿ

ವಿಜಯಪುರ ಜಿಲ್ಲೆ ಮುದ್ದೇಬಿಹಾಳ ತಾಲ್ಲೂಕಿನ ಒಂದು ಯರಿ ಹೊಲ. ಡಿಸೆಂಬರ್ ತಿಂಗಳ ಒಂದು ಸಂಜೆ ಕುರಿಹಿಂಡಿನವರ ಜೊತೆ ಎರಡು ರಾತ್ರಿ ಕಳೆಯಲೆಂದು ಅಲ್ಲಿಗೆ ಹೋಗಿದ್ದೆ. ಹೊಲದ ಕೆಳತುದಿಗೆ ಹಳ್ಳ, ಹಳ್ಳದ ದಂಡೆಗೆ ಎದೆಮಟ್ಟದ ಒಡ್ಡು. ಒಡ್ಡಿನ ಮರೆಯಲ್ಲಿ ಗಾಳಿಯ ಸುಳಿವಿರಲಿಲ್ಲ. ಮಲಗಲು ಇದಕ್ಕಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲವೆಂದು ಅಲ್ಲೇ ಹಾಸಿಗೆ ಬಿಚ್ಚಿದೆ. ಹಿಂಡಿನ ಹಿರಿಯ ಮುತ್ಯಾ ದೂರದಿಂದಲೇ ನೋಡಿ ಇಳಿದು ಬಂದರು. ಕೋಲಿನ ತುದಿಯಿಂದ ನನ್ನ ಚಾದರದ ಅಂಚು ಮುಟ್ಟಿದರು.

“ಇಲ್ಲಿ ಬ್ಯಾಡ ತಮ್ಮಾ. ಥಂಡಿ ಅಂದ್ರ ನೀರಿದ್ದಂಗ. ಹೊತ್ತು ಮುಳುಗಿದ ಮ್ಯಾಲ ತಗ್ಗಿಗಿ ಹರೀತೈತಿ. ನಡುರಾತ್ರ್ಯಾಗ ಇಲ್ಲಿ ಬಂದು ಮಡುವಾಗಿ ನಿಂದರತೈತಿ.”

ಇನ್ನೂರು ಹೆಜ್ಜೆ ಮೇಲೆ, ಮಡ್ಡಿಯ ಇಳಿಜಾರಿನಲ್ಲಿ ಕುರಿಗೆ ಬಲೆ ಕಟ್ಟಿದ್ದರು. ಅದರ ಪಕ್ಕದಲ್ಲಿ ಜೋಳದ ಹಳೆಯ ಕಣಿಕಿ ಹರವಿ, ಮೇಲೊಂದು ಕಂಬಳಿ ಹಾಸಿ ನನ್ನನ್ನು ಮಲಗಿಸಿದರು. ನಸುಕಿನಲ್ಲಿ ಎಬ್ಬಿಸಿ ಕೆಳಗೆ ಕರೆದೊಯ್ದರು. ನಾನು ಮೊದಲು ಹಾಸಿಗೆ ಬಿಚ್ಚಿದ್ದ ಜಾಗದಲ್ಲಿ ಮೊಣಕಾಲುಮಟ್ಟ ಮಂಜು ನಿಂತಿತ್ತು. ಹುಲ್ಲಿನ ನೀರು ಹತ್ತಿ ಮುತ್ಯಾನ ಧೋತರದ ಅಂಚು ಕಾಲಿಗೆ ಅಂಟುತ್ತಿತ್ತು. ಮೇಲೆ ಇದ್ದಾಗ ನನ್ನ ಬೆರಳುಗಳು ಮಡಚುತ್ತಿದ್ದವು. ಕೆಳಗಿಳಿದು ಕಾಲು ತಾಸಾಗುವುದರೊಳಗೆ ಅಂಗಿಯ ಗುಂಡಿ ಹಾಕಿಕೊಳ್ಳಲಿಕ್ಕೂ ಬಗ್ಗಲಿಲ್ಲ.

ಆ ಬೆಳಗಿನಿಂದ ನನ್ನನ್ನು ಒಂದು ಪ್ರಶ್ನೆ ಬಿಟ್ಟಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರುವ ಮಾತು ಬಿಸಿಲು. ಬರ, ಬಿಸಿಲು, ಗುಳೆ. ನಾವೂ ನಮ್ಮನ್ನು ಹಾಗೇ ಕರೆದುಕೊಳ್ಳುತ್ತೇವೆ. ಆದರೆ ಚಳಿಗಾಲದಲ್ಲಿ ರಾಜ್ಯದ ಅತಿ ಕಡಿಮೆ ಉಷ್ಣಾಂಶದ ಪಟ್ಟಿಯಲ್ಲಿ ಬೀದರ ಮತ್ತು ವಿಜಯಪುರದ ಹೆಸರು ಮತ್ತೆ ಮತ್ತೆ ಕಾಣುತ್ತದೆ. ವಾಡಿಕೆಯಲ್ಲಿ 15 ಡಿಗ್ರಿಯ ಆಸುಪಾಸು ಇರಬೇಕಾದ ಡಿಸೆಂಬರಿನ ರಾತ್ರಿಗಳು ಒಂದಂಕಿಗೆ ಇಳಿಯುವುದುಂಟು. ಆ ರಾತ್ರಿಗಳಲ್ಲಿ ಸೂರಿಲ್ಲದೆ, ದಾರಿಯಲ್ಲಿ, ಹೊಲದಲ್ಲಿ, ಹೊಳೆದಂಡೆಯಲ್ಲಿ ಇರುವವರು ಯಾರು? ಅವರಿಗೆ ಏನು ಗೊತ್ತಿದೆ, ನಾವು ಅವರಿಗೆ ಏನು ಕೊಟ್ಟಿದ್ದೇವೆ? ಬಿಸಿಲಿನ ಸೀಮೆ ಎಂಬ ಹೆಸರು ಇಲ್ಲಿಯ ಥಂಡಿಯನ್ನು ಮುಚ್ಚಿಬಿಟ್ಟಿದೆ, ಆ ಥಂಡಿಯಲ್ಲಿ ಬದುಕುವವರನ್ನೂ ಮುಚ್ಚಿದೆ ಎಂಬುದು ನನ್ನ ಅನಿಸಿಕೆ.

ಮುತ್ಯಾ ಹೇಳಿದ್ದು ಅಕ್ಷರಶಃ ನಿಜ. ತಣ್ಣನೆಯ ಗಾಳಿ ಬೆಚ್ಚನೆಯ ಗಾಳಿಗಿಂತ ಭಾರ. ಸಂಜೆಯಾದ ಮೇಲೆ ನೆಲ ತನ್ನ ಕಾವನ್ನು ಆಕಾಶಕ್ಕೆ ಬಿಡುತ್ತದೆ. ಮೋಡವಿದ್ದರೆ ಅದು ಕೌದಿಯಂತೆ ಮೇಲೆ ಹೊದ್ದುಕೊಂಡು ಬಹಳಷ್ಟು ಕಾವನ್ನು ಹಿಂದಕ್ಕೆ ಕೊಡುತ್ತದೆ. ಗಾಳಿಯಲ್ಲಿ ತೇವವಿದ್ದರೂ ಅಷ್ಟಿಷ್ಟು ತಡೆಯುತ್ತದೆ. ನಮ್ಮ ಸೀಮೆಯಲ್ಲಿ ದೀಪಾವಳಿ ದಾಟಿತೆಂದರೆ ಮೋಡವೂ ಕಡಿಮೆ, ತೇವವೂ ಕಡಿಮೆ. ಹಗಲು 28, 30 ಡಿಗ್ರಿ ಕಾದ ಕರಿ ನೆಲ ಸುಮಾರು 13 ತಾಸಿನ ರಾತ್ರಿಯುದ್ದಕ್ಕೂ ತೆರೆದ ಆಕಾಶದ ಕೆಳಗೆ ಬೆತ್ತಲೆ ಮಲಗಿರುತ್ತದೆ. ನೆಲಕ್ಕೆ ಹತ್ತಿದ ಗಾಳಿ ಮೊದಲು ತಣ್ಣಗಾಗಿ, ಭಾರವಾಗಿ, ಇಳಿಜಾರು ಹಿಡಿದು ಹಳ್ಳಕೊಳ್ಳಗಳಿಗೆ ಇಳಿಯುತ್ತದೆ. ಡೋಣಿ ಹೊಳೆಯ ಬಯಲು, ಭೀಮೆಯ ದಂಡೆ, ಕೃಷ್ಣೆಗೆ ಸೇರುವ ನೂರಾರು ಹಳ್ಳ ಎಲ್ಲವೂ ರಾತ್ರಿ ಹೀಗೆ ತುಂಬಿಕೊಳ್ಳುತ್ತವೆ. ಗಾಳಿ ಬೀಸುವ ರಾತ್ರಿ ಮೇಲಿನದೂ ಕೆಳಗಿನದೂ ಕಲಸಿ ತಗ್ಗು, ದಿನ್ನೆ ಒಂದೇ ಆಗುತ್ತವೆ. ಗಾಳಿ ಸತ್ತ ರಾತ್ರಿಯೇ ತಗ್ಗಿನ ರಾತ್ರಿ. ಗಾಳಿಯಿಲ್ಲವೆಂದು ನಾನು ಮೆಚ್ಚಿದ ಆ ಮೂಲೆ ಅದಕ್ಕೇ ಎಲ್ಲಕ್ಕಿಂತ ಕೆಟ್ಟದ್ದಾಗಿತ್ತು.

ಎತ್ತರವೂ ಸೇರಿಕೊಳ್ಳುತ್ತದೆ. ಸಮುದ್ರಮಟ್ಟದಿಂದ 1000 ಮೀಟರ್ ಏರಿದರೆ ಗಾಳಿ ಸುಮಾರು 6.5 ಡಿಗ್ರಿ ತಣ್ಣಗಾಗುತ್ತದೆ. ಬಾಗೇವಾಡಿ, ವಿಜಯಪುರದ ನೆಲ 600 ಮೀಟರಿನ ಹತ್ತಿರ. ಇಷ್ಟರಿಂದಲೇ ಕರಾವಳಿಗಿಂತ ನಾಲ್ಕು ಡಿಗ್ರಿಯ ಲೆಕ್ಕ ಸಿಗುತ್ತದೆ. ಉಳಿದದ್ದೆಲ್ಲ ಒಣ ಆಕಾಶದ ಕೆಲಸ. ಬೆಟ್ಟವಿಲ್ಲದ ಈ ಬಯಲು ಬೆಟ್ಟದ ರಾತ್ರಿಯನ್ನು ಹೀಗೆ ತನ್ನೊಳಗೆ ಇಟ್ಟುಕೊಂಡಿದೆ. ಜೊತೆಗೆ, ಪಶ್ಚಿಮದ ಕ್ಷೋಭೆಗಳು ಹಿಮಾಲಯದ ಮೇಲೆ ಹಿಮ ಸುರಿಸಿ ದಾಟಿದ ಮೇಲೆ ಬಡಗಣ ಗಾಳಿ ಕೆಳಗಿಳಿಯುತ್ತದೆ. ಅದು ಮರಾಠವಾಡ, ಸೊಲ್ಲಾಪುರ ಹಾದು ನಮ್ಮಲ್ಲಿಗೆ ಬರುವಾಗ ದಾರಿಯಲ್ಲಿ ತಡೆಯುವ ಗುಡ್ಡಗಳು ಕಡಿಮೆ. ಟಿ.ವಿ.ಯಲ್ಲಿ ಕಾಶ್ಮೀರದ ಹಿಮ ತೋರಿಸಿದ ಎರಡು ಮೂರು ದಿನಕ್ಕೆ ಇಂಡಿಯ ರೈತ ಮಫ್ಲರ್ ಹುಡುಕುವುದು ಸುಮ್ಮನೆ ಅಲ್ಲ.

ಇನ್ನೊಂದು ಸಂಗತಿ ಬಹಳ ಜನಕ್ಕೆ ತಿಳಿದಿಲ್ಲ. ಹವಾಮಾನ ಕೇಂದ್ರದ ಉಷ್ಣಮಾಪಕ ಇರುವುದು ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ಬಿಳಿಯ ಜಾಲಂದ್ರದ ಪೆಟ್ಟಿಗೆಯೊಳಗೆ. ಪೇಪರಿನಲ್ಲಿ ಬರುವ 9 ಡಿಗ್ರಿ ಆ ಪೆಟ್ಟಿಗೆಯದು. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ನೆಲದ ಮೇಲಿನ ಹುಲ್ಲು ಅದಕ್ಕಿಂತ ಹಲವು ಡಿಗ್ರಿ ತಣ್ಣಗಿರುತ್ತದೆ. ನೆಲದ ಮೇಲೆ ಮಲಗಿದವನು ಪೇಪರಿನ ಅಂಕಿಗಿಂತ ಕೆಳಗಿನ ಲೋಕದಲ್ಲಿ ಮಲಗಿರುತ್ತಾನೆ. ಅತಿ ಹೆಚ್ಚು ಥಂಡಿ ನಡುರಾತ್ರಿಯದಲ್ಲ, ಹೊತ್ತು ಮೂಡುವ ಹೊತ್ತಿನದು. ಕುರಿಯವರು ನಸುಕಿನಲ್ಲಿ ಎದ್ದು ಓಡಾಡುವುದು, ಉರಿ ಹಾಕುವುದು ಆ ಹೊತ್ತಿಗೇ ಸರಿಯಾಗಿ.

ಈ ನಾಲ್ಕು ತಾಲ್ಲೂಕುಗಳಲ್ಲಿ ಚಳಿಗಾಲದ ದಾರಿಹೋಕರೆಂದರೆ ಮೊದಲು ಹೇಳಬೇಕಾದವರು ಕುರಿಗಾಹಿಗಳೇ. ಮುಂಗಾರಿ ಸುಗ್ಗಿ ಮುಗಿದ ಹೊಲದಿಂದ ಹೊಲಕ್ಕೆ ಅವರ ಹಟ್ಟಿ ಸಾಗುತ್ತದೆ. ರಾತ್ರಿ ಹೊಲದಲ್ಲಿ ಹಿಂಡು ನಿಲ್ಲಿಸಿದರೆ ನೆಲಕ್ಕೆ ಹಿಕ್ಕೆ ಗೊಬ್ಬರ, ಅವರಿಗೆ ಕಾಳು ಅಥವಾ ರೊಕ್ಕ. ಮನೆಯೆಂದರೆ ಬಲೆ, ಗೂಟ, ಎರಡು ಕೊಡ, ಮರಿಗಳ ಬುಟ್ಟಿ. ಇವರ ಜ್ಞಾನವನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ, ಪ್ರೀತಿಯಿಂದ ಹೇಳುವ ಮಾತಲ್ಲ ಇದು, ಲೆಕ್ಕದ ಮಾತು. ಮೈಯ ಕಾವು ಹೋಗುವ ದಾರಿ ನಾಲ್ಕು: ನೆಲ, ಗಾಳಿ, ತೇವ, ತೆರೆದ ಆಕಾಶ. ನೆಲಕ್ಕೆ ಕಣಿಕಿ ಹಾಸುತ್ತಾರೆ, ಅದರ ಸಂದುಗಳಲ್ಲಿ ನಿಂತ ಗಾಳಿ ನೆಲವನ್ನು ದೂರ ಇಡುತ್ತದೆ. ಗಾಳಿ ಬರುವ ದಿಕ್ಕಿಗೆ ಹಿಂಡು, ಹಿಂಡಿನ ಮರೆಗೆ ಮನುಷ್ಯರು. ಕುರಿಯ ಮೈ 39 ಡಿಗ್ರಿ ಕಾವಿನ ಒಲೆ. ತೇವಕ್ಕೂ ಆಕಾಶಕ್ಕೂ ಕಂಬಳಿ. ತಲೆಯ ಮೇಲಿಂದ ಕೊಪ್ಪೆ ಹಾಕಿ ಕೂತ ಕುರಿಗಾಹಿಯನ್ನು ಕಂಡವರಿಗೆ ಅದು ಒಂದು ಬಟ್ಟೆಯೆಂದು ಅನಿಸುವುದಿಲ್ಲ, ಅದೊಂದು ಸಣ್ಣ ಮನೆ.

ಕಂಬಳಿಯ ಬಗ್ಗೆ ಸ್ವಲ್ಪ ನಿಲ್ಲಬೇಕು. ದಖ್ಖನಿ ಕುರಿಯ ಉಣ್ಣೆ ಒರಟು, ಬಣ್ಣ ಕಪ್ಪು. ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ. ಹೆಂಗಸರು ನೂಲುತ್ತಾರೆ, ಕುಣಿಮಗ್ಗದಲ್ಲಿ ನೇಯುತ್ತಾರೆ, ಹುಣಸೆ ಬೀಜದ ಗಂಜಿ ಹಚ್ಚಿ ಒಣಗಿಸುತ್ತಾರೆ. ಗಂಜಿ ಕುಡಿದ ಕಂಬಳಿ ಮೊದಲ ವರ್ಷ ಹಲಗೆಯ ಹಾಗೆ ಬಿರುಸು. ಕೈಯಲ್ಲಿ ಹಿಡಿದರೆ ಚುಚ್ಚುತ್ತದೆ, ಮೂಗಿಗೆ ಕುರಿಯ ಜಿಡ್ಡಿನ ವಾಸನೆ ಬಡಿಯುತ್ತದೆ. ಇಬ್ಬನಿ ಬಿದ್ದರೆ ಮೇಲೆ ಮುತ್ತಿನಂತೆ ನಿಲ್ಲುತ್ತದೆ, ಬೆಳಿಗ್ಗೆ ಕೊಡವಿದರೆ ಹಾರಿಹೋಗುತ್ತದೆ. ಉಣ್ಣೆ ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲು ತೇವ ಹೀರಿದರೂ ಒದ್ದೆಯಾದಂತೆ ಅನಿಸುವುದಿಲ್ಲ, ಕಾವು ಹಿಡಿದೇ ಇರುತ್ತದೆ. ಹತ್ತಿ ಒದ್ದೆಯಾದರೆ ಕಾವು ಹಿಡಿಯುವ ಗುಣವನ್ನೇ ಬಿಟ್ಟುಬಿಡುತ್ತದೆ. ಜಗತ್ತಿನ ಯಾವ ಹಿಮಪರ್ವತ ಹತ್ತುವವರನ್ನು ಕೇಳಿದರೂ ಮೊದಲ ಪಾಠ ಇದೇ: ಮೈಗೆ ಹತ್ತಿದಂತೆ ಹತ್ತಿಯ ಬಟ್ಟೆ ಬೇಡ, ಉಣ್ಣೆ ಇರಲಿ.

ದುಃಖದ ಸಂಗತಿಯೆಂದರೆ ಈ ಕಂಬಳಿ ಹಟ್ಟಿಗಳಿಂದಲೇ ಕಾಣೆಯಾಗುತ್ತಿದೆ. ಮಾಂಸದ ಮಾರುಕಟ್ಟೆ ಬೆಳೆದಂತೆ ಉಣ್ಣೆಯಿಲ್ಲದ ಯಳಗ, ಕೆಂಗುರಿ ತಳಿಗಳು ಹಿಂಡುಗಳಲ್ಲಿ ಹೆಚ್ಚಿದವು. ಅವು ಬೇಗ ಬೆಳೆಯುತ್ತವೆ, ತೂಕ ಬರುತ್ತದೆ, ಕುರಿಗಾಹಿಯ ಲೆಕ್ಕ ತಪ್ಪೇನಲ್ಲ. ಆದರೆ ಉಣ್ಣೆ ಹೋಯಿತು, ನೂಲುವ ಕೈ ಹೋಯಿತು, ಮಗ್ಗ ನಿಂತಿತು. ಈಗ ಹಟ್ಟಿಯ ಹುಡುಗರು ಹೊದೆಯುವುದು ಸಂತೆಯ ಪಾಲಿಯೆಸ್ಟರ್ ಚಾದರ. ಹಗುರ, ಬಣ್ಣಬಣ್ಣದ್ದು, ನಸುಕಿಗೆ ಒದ್ದೆ ಮುದ್ದೆ. ಮುತ್ಯಾ ನನಗೆ ಹಾಸಿದ ಕಂಬಳಿ ಅವರ ಮದುವೆಗೆ ಬಂದದ್ದು. ಆ ಹಟ್ಟಿಯಲ್ಲಿ ಅಂಥದ್ದು ಎರಡೇ ಉಳಿದಿದ್ದವು. ಕುರಿ ಸತ್ತರೆ ರಾಜ್ಯ ಸರ್ಕಾರದ ‘ಅನುಗ್ರಹ’ ಯೋಜನೆಯ ಪರಿಹಾರವಿದೆ, ಇದು ಒಳ್ಳೆಯದೇ. ಕುರಿಗಾಹಿಯ ಮೈಮೇಲೆ ಒಂದು ನಿಜವಾದ ಕಂಬಳಿ ಇರಲಿ ಎಂಬ ಯೋಚನೆಯೂ ಅದರ ಪಕ್ಕದಲ್ಲಿ ಬರಬೇಕು.

ಎರಡನೆಯವರು ಕಬ್ಬು ಕಡಿಯುವ ಗ್ಯಾಂಗಿನವರು. ನವೆಂಬರಿನಲ್ಲಿ ಕಾರ್ಖಾನೆಗಳ ಹಂಗಾಮು ಶುರುವಾಯಿತೆಂದರೆ ಎರಡು ದಿಕ್ಕಿನ ಪ್ರಯಾಣ ನಡೆಯುತ್ತದೆ. ನಮ್ಮ ತಾಂಡಾಗಳ ಲಂಬಾಣಿ ಕುಟುಂಬಗಳು ಸಾಂಗಲಿ, ಕೊಲ್ಲಾಪುರ, ಸಾತಾರದ ಕಡೆಗೆ ಹೋಗುತ್ತವೆ. ಮರಾಠವಾಡದ ಬೀಡ್ ಕಡೆಯವರು ನಮ್ಮ ಭೀಮೆ, ಕೃಷ್ಣೆಯ ದಂಡೆಗೆ ಬರುತ್ತಾರೆ. ಗಂಡ ಹೆಂಡತಿ ಒಂದು ಜೋಡಿ, ಗ್ಯಾಂಗ್ ಕಟ್ಟುವ ಮುಕಾದಮನ ಮುಂಗಡ, ಜೊತೆಗೆ ಎತ್ತು, ಮಕ್ಕಳು, ಒಂದು ತಾಡಪತ್ರಿ. ಗುಡಿಸಲು ಹಾಕುವ ಜಾಗ ಅವರು ಆರಿಸಿದ್ದಲ್ಲ. ನೀರಿನ ಹತ್ತಿರ, ಕಾಲುವೆಯ ಬದಿಗೆ, ಸಾಮಾನ್ಯವಾಗಿ ತಗ್ಗಿನಲ್ಲಿ. ನೀರುಂಡ ಕಬ್ಬಿನ ಹೊಲದಲ್ಲಿ ಇಬ್ಬನಿ ಮಳೆಯಂತೆ ಬೀಳುತ್ತದೆ. ನಸುಕಿನಲ್ಲಿ ಕಡಿಯಲು ಇಳಿದರೆ ಗರಿಗಳಿಂದ ನೀರು ಸುರಿದು ಅಂಗಿ, ಸೀರೆ, ತೋಳು ಎಲ್ಲ ಒದ್ದೆ. ಒಣಗಲು ಒಂಬತ್ತು ಗಂಟೆಯ ಬಿಸಿಲೇ ಬರಬೇಕು. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಕಾವನ್ನು ಎಳೆಯುತ್ತದೆ. ಕಬ್ಬಿನ ಒಣ ಗರಿಯ, ಅಂದರೆ ರವದಿಯ ಮೇಲೆ ಮಲಗುವುದರಿಂದ ನೆಲದ ಥಂಡಿಯಿಂದ ಅವರು ಬಚಾವು. ಆದರೆ ರವದಿಯ ಪಕ್ಕದಲ್ಲೇ ಉರಿ, ಉರಿಯ ಪಕ್ಕದಲ್ಲೇ ಕೂಸು. ಥಂಡಿ ಹೆಚ್ಚಾದ ರಾತ್ರಿ ಕೆಂಡದ ಬುಟ್ಟಿಯನ್ನು ತಾಡಪತ್ರಿಯೊಳಗೆ ಇಟ್ಟುಕೊಂಡು ಬಾಗಿಲು ಮುಚ್ಚುವುದನ್ನು ಕಂಡಿದ್ದೇನೆ. ಕೆಂಡದಿಂದ ಬರುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವರು ಎಚ್ಚರವಾಗದೆ ಹೋಗುತ್ತಾರೆ. ಕೆಂಡ ಹೊರಗಿರಲಿ, ಇಟ್ಟಿಗೆಯನ್ನೋ ಕಲ್ಲನ್ನೋ ಕಾಯಿಸಿ ಅರಿವೆಯಲ್ಲಿ ಸುತ್ತಿ ಒಳಗೆ ಒಯ್ಯಿರಿ ಎಂಬ ಒಂದು ಮಾತನ್ನು ಪ್ರತಿ ಗ್ಯಾಂಗಿಗೂ ಯಾರಾದರೂ ಹೇಳಬೇಕು.

ರಸ್ತೆಯ ಮೇಲಿನವರದು ಬೇರೆ ಕಥೆ. ಸಿಂದಗಿಯ ಮೇಲೆ ಹಾಯುವ ರಾಷ್ಟ್ರೀಯ ಹೆದ್ದಾರಿ 50, ಇಂಡಿ ತಾಲ್ಲೂಕಿನ ಹೊರ್ತಿ ಹಾಯುವ 52, ಇವಕ್ಕೆ ಸೇರುವ ಊರ ದಾರಿಗಳು. ನಸುಕಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು, ಕಾಯಿಪಲ್ಲೆಯ ಗಂಟು ಕಟ್ಟಿಕೊಂಡು ಮೋಟಾರ್ ಸೈಕಲ್ ಮೇಲೆ ಹೋಗುವವರನ್ನು ನೋಡಿ. ಅಂಗಿಯೊಳಗೆ ಹಳೆಯ ಪೇಪರ್ ತುರುಕಿಕೊಂಡಿರುತ್ತಾರೆ, ಅದು ನಿಜಕ್ಕೂ ಒಳ್ಳೆಯ ಉಪಾಯ. ಗಾಳಿಯೊಂದಿಗೆ ಥಂಡಿ ಎಷ್ಟು ಚುಚ್ಚುತ್ತದೆಂದು ಲೆಕ್ಕ ಹಾಕಲು ಕೆನಡಾ, ಅಮೆರಿಕದವರು 2001ರಲ್ಲಿ ಒಂದು ಸೂತ್ರ ತಂದರು. ಅದರ ಪ್ರಕಾರ 8 ಡಿಗ್ರಿಯ ಬೆಳಗಿನಲ್ಲಿ ತಾಸಿಗೆ 50 ಕಿ.ಮೀ. ವೇಗದ ಗಾಳಿಗೆ ಮುಖ ಕೊಟ್ಟರೆ ಚರ್ಮಕ್ಕೆ ಅದು ಸುಮಾರು 3 ಡಿಗ್ರಿ. ಗಾಡಿಯ ವೇಗವೇ ಆ ಗಾಳಿ. ಬೆರಳು ಮರಗಟ್ಟಿ ಬ್ರೇಕ್ ಹಿಡಿಯಲು ತಡವಾದ ಆ ಅರ್ಧ ಸೆಕೆಂಡಿನಲ್ಲಿ ಮುಂದೆ ಕಾವಳದೊಳಗಿಂದ ದೀಪವಿಲ್ಲದ ಕಬ್ಬಿನ ಟ್ರೇಲರ್ ಎದ್ದು ಬಂದರೆ ಮುಗಿಯಿತು. ಹೊಳೆಯುವ ಪಟ್ಟಿ ಅಂಟಿಸಲು ಆಗುವ ಖರ್ಚು ಒಂದು ಹೊತ್ತಿನ ಡೀಸೆಲ್ಲಿಗೂ ಸಮವಲ್ಲ.

ಹೊಳೆಗೆ ಇಳಿಯುವವರೂ ಇದ್ದಾರೆ. ಸಂಕ್ರಾಂತಿಗೆ ಕೃಷ್ಣೆ, ಭೀಮೆಯಲ್ಲಿ ನಸುಕಿನ ಸ್ನಾನ, ಮುದ್ದೇಬಿಹಾಳ, ಬಾಗೇವಾಡಿಯವರಿಗೆ ಕೂಡಲಸಂಗಮ ಹತ್ತಿರ. ಎಳ್ಳ ಅಮವಾಸಿಗೆ ಚರಗ ಚೆಲ್ಲಲು ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗುವವರು ಹೊತ್ತೇರಿದ ಮೇಲೆ ಹೋಗುತ್ತಾರೆ, ಅವರಿಗೆ ಚಿಂತೆಯಿಲ್ಲ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ ಎಲ್ಲವೂ ಜಿಡ್ಡು, ಎಲ್ಲವೂ ಕಾವು ಕೊಡುವಂಥವು. ಚಳಿಗೆ ಏನು ತಿನ್ನಬೇಕೆಂದು ಈ ಸೀಮೆಯ ಅಡುಗೆಮನೆಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಒಣ ಥಂಡಿಗಿಂತ ನನಗೆ ಹೆಚ್ಚು ಹೆದರಿಕೆ ಒದ್ದೆ ಥಂಡಿಯದು. ನವೆಂಬರ್, ಡಿಸೆಂಬರಿನಲ್ಲಿ ಬಂಗಾಳ ಕೊಲ್ಲಿಯ ಚಂಡಮಾರುತ ತಮಿಳುನಾಡು, ಆಂಧ್ರದ ದಂಡೆಗೆ ಬಡಿದಾಗ ಅದರ ಮೋಡದ ಸೆರಗು ಇಲ್ಲಿಯವರೆಗೂ ಬರುವುದುಂಟು. ಉಷ್ಣಮಾಪಕ 16, 17 ತೋರಿಸುತ್ತಿರುತ್ತದೆ, ಚಳಿಯ ಸುದ್ದಿಯೇ ಇಲ್ಲ. ಆದರೆ ಜಿಟಿಜಿಟಿ ಮಳೆ, ಬೀಸುವ ಗಾಳಿ, ಕಾಲಿಗೆ ಹತ್ತುವ ಯರಿ ಮಣ್ಣು. ಹಿಂಡಿಗೆ ಒಣ ಜಾಗವಿಲ್ಲ, ಉರಿಗೆ ಒಣ ಕಟಗಿಯಿಲ್ಲ. ಹುಟ್ಟಿ ಎರಡು ದಿನವಾದ ಮರಿಗಳು ಇಂಥ ರಾತ್ರಿಗಳಲ್ಲೇ ಸಾಯುವುದು. ಥಂಡಿ ಇಳಿಯಿತೆಂದು ನಂಬಿದ ಮೇಲೂ ಹೀಗೆ ಆಗುತ್ತದೆ. ‘ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ’ ಅನ್ನುತ್ತೇವೆ. 2014ರ ಫೆಬ್ರುವರಿ ಕೊನೆಯಿಂದ ಮಾರ್ಚ್ ನಡುವಿನ ತನಕ ಮಹಾರಾಷ್ಟ್ರದಲ್ಲೂ ಅದಕ್ಕೆ ಹತ್ತಿದ ನಮ್ಮ ಉತ್ತರದ ಜಿಲ್ಲೆಗಳಲ್ಲೂ ಬಿದ್ದ ಆಣೆಕಲ್ಲು ಆ ನಂಬಿಕೆಯನ್ನು ಕೇಳಲಿಲ್ಲ.

ಮೈಯೊಳಗೆ ಏನಾಗುತ್ತದೆಂದು ತಿಳಿದಿರಬೇಕು. ಮೈಯ ಒಳಗಾವು 37ರಿಂದ 35 ಡಿಗ್ರಿಗೆ ಇಳಿದರೆ ಅಪಾಯ ಶುರು. ಇದಕ್ಕೆ ಹಿಮ ಬೀಳಬೇಕಾಗಿಲ್ಲ. ಒದ್ದೆ ಬಟ್ಟೆ, ಗಾಳಿ, ಖಾಲಿ ಹೊಟ್ಟೆ ಸೇರಿದರೆ 10 ಡಿಗ್ರಿಯಲ್ಲೂ ಆಗುತ್ತದೆ. ಮೊದಲು ನಡುಕ, ಆಮೇಲೆ ಕೈ ತಪ್ಪುವುದು, ಮಾತು ತೊದಲುವುದು, ಮಂಕು. ನಡುಕ ನಿಂತರೆ ಆರಾಮಾಯಿತೆಂದು ತಿಳಿಯುವುದೇ ದೊಡ್ಡ ತಪ್ಪು. ಒಳಗಾವು 32ರ ಹತ್ತಿರ ಇಳಿದಾಗ ಮೈಗೆ ನಡುಗುವ ಶಕ್ತಿಯೂ ಇರುವುದಿಲ್ಲ. ಅಂಥವರ ಒದ್ದೆ ಬಟ್ಟೆ ತೆಗೆದು, ಒಣ ಕೌದಿ ಸುತ್ತಿ, ಎದೆ, ಹೊಟ್ಟೆಗೆ ಮೊದಲು ಕಾವು ಕೊಡಬೇಕು. ಎಚ್ಚರವಿದ್ದರೆ ಬೆಲ್ಲದ ಬಿಸಿ ಚಹಾ. ಕೈಕಾಲು ತಿಕ್ಕಬಾರದು, ಉರಿಯ ಮುಂದೆ ಒಮ್ಮೆಲೇ ಕೂರಿಸಬಾರದು, 108ಕ್ಕೆ ಕರೆ ಮಾಡಬೇಕು. ಸರಾಯಿ ಕುಡಿಸಿದರೆ ಕಾವು ಬರುತ್ತದೆಂಬುದು ಮೋಸ. ಚರ್ಮದ ರಕ್ತನಾಳ ತೆರೆದು ಬೆಚ್ಚಗೆನಿಸುತ್ತದೆ, ಒಳಗಿನ ಕಾವು ಅದೇ ದಾರಿಯಲ್ಲಿ ಹೊರಗೆ ಹೋಗುತ್ತದೆ. ಕೆಲಸ ಮುಗಿಸಿ ಕುಡಿದು ದಾರಿಯಲ್ಲಿ ಮಲಗಿದವರು ಬೆಳಿಗ್ಗೆ ಏಳದಿದ್ದಾಗ ಊರಲ್ಲಿ ‘ಥಂಡಿ ಹತ್ತಿ ಸೆಟೆತು’ ಅನ್ನುತ್ತಾರೆ. ನಡೆದದ್ದನ್ನು ಆ ಮಾತು ಸರಿಯಾಗಿಯೇ ಹಿಡಿಯುತ್ತದೆ.

ಈ ನಾಲ್ಕು ತಾಲ್ಲೂಕಿನವರು ನಿಜವಾದ ಹಿಮದ ಬೆಟ್ಟಕ್ಕೂ ಹೋಗುತ್ತಾರೆ. ವಿಜಯಪುರದಲ್ಲಿ 1963ರಿಂದ ಸೈನಿಕ ಶಾಲೆಯಿದೆ. ಶಾಲೆಯ ಮಾತು ಬಿಟ್ಟರೂ ಇಲ್ಲಿಯ ಹಳ್ಳಿಗಳಿಂದ ಸೇನೆಗೆ ಸೇರುವವರು ಬಹಳ. ಉರಿಬಿಸಿಲಿನ ಮೇ ತಿಂಗಳು ಕಂಡ ಹುಡುಗ ಲಡಾಖಿನಲ್ಲಿ ನಿಲ್ಲುತ್ತಾನೆ. ಸೇನೆ ಅವನನ್ನು ಒಮ್ಮೆಲೇ ಮೇಲಕ್ಕೆ ಒಯ್ಯುವುದಿಲ್ಲ. ಮೊದಲ ಹಂತದ ಎತ್ತರದಲ್ಲಿ 6 ದಿನ, ಮುಂದಿನ ಎರಡು ಹಂತಗಳಲ್ಲಿ ನಾಲ್ಕು ನಾಲ್ಕು ದಿನ ಇಟ್ಟು ಮೈ ಒಗ್ಗಿಸುತ್ತದೆ. ಅಷ್ಟು ಸಿದ್ಧತೆಯಿದ್ದರೂ ಬೆಟ್ಟದ ಕೈ ಮೇಲಾಗುವುದುಂಟು. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಮಂದಿ ಯೋಧರು ಹೂತುಹೋದರು. ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನದ ಮೇಲೆ ಜೀವಂತ ಸಿಕ್ಕರು, 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ವಾರ ನಮ್ಮ ಕಡೆಯ ಪ್ರತಿ ಹಳ್ಳಿಯ ಗುಡಿಯಲ್ಲೂ ಅವರ ಹೆಸರಿನಲ್ಲಿ ಎಣ್ಣೆದೀಪ ಉರಿಯುತ್ತಿದ್ದ ಹಾಗೆ ಅನಿಸುತ್ತಿತ್ತು.

ಚಾರಣಕ್ಕೆ, ಯಾತ್ರೆಗೆ ಹೋಗುವವರಿಗೆ ಸೇನೆಯ ಆ ಸಿದ್ಧತೆ ಇರುವುದಿಲ್ಲ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿತು. ತಂಡದ ಹೆಚ್ಚಿನವರು ಕರ್ನಾಟಕದವರು. ಒಂಬತ್ತು ಮಂದಿ ತೀರಿಕೊಂಡರು, ಉಳಿದವರಲ್ಲಿ ಹಲವರನ್ನು ಹೆಲಿಕಾಪ್ಟರಿನಲ್ಲಿ ಕೆಳಗಿಳಿಸಬೇಕಾಯಿತು. ತಿಂಗಳು ಜೂನ್ ಎಂಬುದನ್ನು ಗಮನಿಸಬೇಕು. ನಾಲ್ಕು ಸಾವಿರ ಮೀಟರಿನ ಮೇಲೆ ಕ್ಯಾಲೆಂಡರಿನ ಬೇಸಿಗೆಗೆ ಅರ್ಥವಿಲ್ಲ. ಮಧ್ಯಾಹ್ನದ ಬಿಸಿಲು ಒಂದು ತಾಸಿನಲ್ಲಿ ದಾರಿ ಕಾಣದ ಹಿಮವಾಗಬಹುದು. ಕೇದಾರನಾಥಕ್ಕೂ ಇದೇ ಮಾತು. ಅಲ್ಲಿಯ ಪ್ರಧಾನ ಅರ್ಚಕರಾದ ರಾವಲರು ಕರ್ನಾಟಕ ಮೂಲದ ವೀರಶೈವ ಪರಂಪರೆಯವರು, ಹೀಗಾಗಿ ನಮ್ಮ ಊರುಗಳಿಂದ ಹೋಗುವವರಿಗೆ ಅದು ಮನೆಯ ದೇವರ ಗುಡಿಯಿದ್ದ ಹಾಗೆ. 3,583 ಮೀಟರ್ ಎತ್ತರ; ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲು. ದೀಪಾವಳಿಯ ನಂತರ ಬಾಗಿಲು ಮುಚ್ಚಿ, ದೇವರನ್ನೇ ಪಲ್ಲಕ್ಕಿಯಲ್ಲಿ ಊಖಿಮಠಕ್ಕೆ ಇಳಿಸುತ್ತಾರೆ. ಚಳಿಗಾಲಕ್ಕೆ ದೇವರೂ ಕೆಳಗಿಳಿಯುವ ಜಾಗಕ್ಕೆ ನಾವು ಮೇ ತಿಂಗಳ ರಜೆಯಲ್ಲಿ ಹತ್ತಿಯ ಅಂಗಿ, ಒಂದು ತೆಳು ಸ್ವೆಟರ್ ಹಾಕಿಕೊಂಡು ಹೋಗುತ್ತೇವೆ. ಬಿಸಿಲು ನಾಡಿನವರೆಂಬ ಭಾವನೆ ಅಲ್ಲಿಗೂ ನಮ್ಮ ಜೊತೆ ಬರುತ್ತದೆ. ಮಳೆಗೆ ಪ್ಲಾಸ್ಟಿಕ್, ಮೈಗೆ ಉಣ್ಣೆ, ಚೀಲದಲ್ಲಿ ಒಂದು ಒಣ ಜೊತೆ ಬಟ್ಟೆ, ಜೇಬಿನಲ್ಲಿ ಶೇಂಗಾ ಬೆಲ್ಲ, ಮಧ್ಯಾಹ್ನದ ಮೇಲೆ ಹೊಸ ಏರು ಹತ್ತದಿರುವುದು. ಕುರಿಗಾಹಿಯ ಮುಂದೆ ಇದನ್ನು ಹೇಳಿದರೆ ಹೊಸದೇನೂ ಅನಿಸುವುದಿಲ್ಲ.

ಮುನ್ಸೂಚನೆ ಇಲ್ಲವೇ? ಇದೆ, ಮತ್ತು ಮೊದಲಿಗಿಂತ ಎಷ್ಟೋ ಚೆನ್ನಾಗಿದೆ. ಭಾರತೀಯ ಹವಾಮಾನ ಇಲಾಖೆ ಬಯಲು ಸೀಮೆಯಲ್ಲಿ ಕನಿಷ್ಠ ಉಷ್ಣಾಂಶ 10 ಅಥವಾ ಅದಕ್ಕಿಂತ ಕೆಳಗಿದ್ದು, ವಾಡಿಕೆಗಿಂತ 4.5ರಿಂದ 6.4 ಡಿಗ್ರಿ ಕಡಿಮೆಯಾದರೆ ಶೀತ ಅಲೆ ಎನ್ನುತ್ತದೆ, ಅದಕ್ಕೂ ಕೆಳಗೆ ಹೋದರೆ ತೀವ್ರ ಶೀತ ಅಲೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರ, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದೆ. ದೇಶದ ಬಹಳ ರಾಜ್ಯಗಳಲ್ಲಿ ಇಷ್ಟು ದಟ್ಟ ಜಾಲವಿಲ್ಲ. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಕೃಷಿ ಹವಾಮಾನ ಸಲಹೆ ಬರುತ್ತದೆ. ದ್ರಾಕ್ಷಿಗೆ ದಾವಣಿ ರೋಗ, ಕಡಲೆಗೆ ಹುಳು, ಜೋಳಕ್ಕೆ ಏನು ಎಂಬುದೆಲ್ಲ ಅದರಲ್ಲಿರುತ್ತದೆ. ಬೆಳೆಯ ಬಗ್ಗೆ ಮಾತಾಡುವ ಈ ಸಲಹೆ ಬೆಳೆಯ ಪಕ್ಕದಲ್ಲಿ ಮಲಗಿದವನ ಬಗ್ಗೆಯೂ ನಾಲ್ಕು ಸಾಲು ಮಾತಾಡಲಿ ಎಂಬುದು ನನ್ನ ಕೋರಿಕೆ. ಇಂದು ರಾತ್ರಿ ಗಾಳಿ ಬೀಳುತ್ತದೆ, ಆಕಾಶ ತಿಳಿಯಾಗಿರುತ್ತದೆ, ಹಳ್ಳದ ದಂಡೆ ಬಿಟ್ಟು ಮೇಲೆ ಮಲಗಿರಿ. ನಾಳಿದ್ದು ಮೂಡಲಿಂದ ಮೋಡ ಬರುತ್ತದೆ, ಮರಿಗಳಿಗೆ ಮರೆ ಮಾಡಿಕೊಳ್ಳಿ. ಇಷ್ಟನ್ನು ವಿಜಯಪುರ ಆಕಾಶವಾಣಿ ಸಂಜೆ ಐದಕ್ಕೆ ನಮ್ಮ ಮಾತಿನಲ್ಲಿ ಹೇಳಿದರೆ ಬಲೆ ಕಟ್ಟುವ ಮೊದಲೇ ಕಿವಿಗೆ ಬೀಳುತ್ತದೆ. ರಾತ್ರಿ ಒಂಬತ್ತರ ಸುದ್ದಿಯ ಹೊತ್ತಿಗೆ ಗೂಟ ಬಡಿದು ಮುಗಿದಿರುತ್ತದೆ. ಗ್ಯಾಂಗಿನವರ ಗುಡಿಸಲಿಗೆ ತಗ್ಗಲ್ಲದ ಜಾಗ, ಎರಡು ಪದರದ ತಾಡಪತ್ರಿ, ಕೂಸುಗಳಿಗೆ ಉಣ್ಣೆ ಬಟ್ಟೆ ಎಂಬುದನ್ನು ಹಂಗಾಮಿನ ಕರಾರಿನಲ್ಲೇ ಬರೆಯಬಹುದು. ದಖ್ಖನಿ ಕುರಿ ಸಾಕುವವರಿಗೆ ಉಣ್ಣೆಗೆ ನ್ಯಾಯವಾದ ಬೆಲೆ ಸಿಕ್ಕರೆ ಮಗ್ಗ ಮತ್ತೆ ಕೂಗುತ್ತದೆ.

ಆ ಡಿಸೆಂಬರಿನ ಎರಡನೆಯ ಬೆಳಗ್ಗೆ ಕಂಡದ್ದನ್ನು ಹೇಳಬೇಕು. ಪಕ್ಕದ ಹೊಲದ ರೈತರ ಮನೆಯ ಅಕ್ಕ ಹಿಂದಿನ ಎರಡೂ ಸಂಜೆ ಕಡಲೆ ಬೆಳೆಯ ಮೇಲೆ ಒಂದು ಬಿಳಿ ಧೋತರ ಹೊದಿಸಿ ಹೋಗಿದ್ದರು. ಕಡಲೆ ಎಲೆಯ ಹುಳಿ ಇಬ್ಬನಿಯಲ್ಲಿ ಕರಗಿ ಅರಿವೆಗೆ ಇಳಿಯುತ್ತದೆ. ನಸುಕಿನಲ್ಲಿ ಹಿಂಡಿ ಸೀಸೆಗೆ ತುಂಬುತ್ತಾರೆ, ಹೊಟ್ಟೆ ಕೆಟ್ಟರೆ ಅದೇ ಔಷಧ. ಮೊದಲ ಬೆಳಗ್ಗೆ ಹಿಂಡಿದಾಗ ಕಂದು ಹುಳಿ ಧಾರೆಯಾಗಿ ಬಿದ್ದು ಒಂದು ತಂಬಿಗೆ ತುಂಬಿತ್ತು. ಎರಡನೆಯ ಬೆಳಗ್ಗೆ ಅಕ್ಕ ಧೋತರ ಎತ್ತಿ, ಮೂಲೆ ಹಿಡಿದು ತಿರುವಿದರು. ಹನಿ ಬೀಳಲಿಲ್ಲ.

“ಮುತ್ಯಾ, ಇವತ್ತು ಅರಿವಿ ಒಣಗೈತಿ ನೋಡ್ರಿ” ಎಂದು ಕೂಗಿದರು.

ಮುತ್ಯಾ ಹಿಂಡು ಬಿಟ್ಟು ಬಂದು ಧೋತರ ಮುಟ್ಟಿ ನೋಡಿದರು. ಆಮೇಲೆ ಮೂಡಲಕ್ಕೆ ತಿರುಗಿ, ಕೈಯನ್ನು ಹಣೆಗೆ ಹಿಡಿದು ನಿಂತರು. ಇಬ್ಬನಿ ಬೀಳದ ರಾತ್ರಿ ಗಾಳಿಯದಾಗಿರಬೇಕು, ಇಲ್ಲವೇ ಮೋಡದ್ದು. ಗಾಳಿ ಬೀಸಿರಲಿಲ್ಲ. ದೂರದಲ್ಲಿ, ಹೊತ್ತು ಮೂಡುವ ಅಂಚಿಗೆ, ಬೂದಿ ಬಣ್ಣದ ಒಂದು ಪದರ ಕಂಡಿತು.

“ಮಾಡ ಐತಿ. ಸಂಜಿಗಿ ಇಲ್ಲಿ ಇರೂದು ಬ್ಯಾಡ. ಯರಿ ಹೊಲ ಹಸಿ ಆತಂದ್ರ ಕುರಿ ಕಾಲ ಕಿತ್ತಂಗಿಲ್ಲ” ಎಂದು ಮೊಮ್ಮಗನನ್ನು ಕರೆದರು. ಹುಡುಗ ಬಲೆಯ ಗೂಟಗಳನ್ನು ಒಂದೊಂದಾಗಿ ಅಲುಗಾಡಿಸಿ ಕೀಳತೊಡಗಿದ. ಎರಡು ದಿನದ ಮರಿಗಳನ್ನು ಬುಟ್ಟಿಗೆ ಹಾಕಿ, ಅವುಗಳ ಮೇಲೆ ತಮ್ಮ ಮದುವೆಯ ಕಂಬಳಿಯನ್ನು ಮಡಚಿ ಹೊದಿಸಿ, ಮುತ್ಯಾ ಕಲ್ಲುಮಡ್ಡಿಯ ಕಡೆಗೆ ಹೆಜ್ಜೆ ಹಾಕಿದರು.